ಪ್ರಾರ್ಥನೆಗೆ ಅಂತ ಹೇಳಿದ್ದು

ಮೆಸೇಜಿನಲ್ಲಿ ಹೆಸರು ಇರಲಿಲ್ಲ. “ನಮ್ಮ ಸಭೆಯಲ್ಲಿ ಗಿಟಾರ್ ನುಡಿಸುವ ತಮ್ಮನೊಬ್ಬ ಮೊಬೈಲಿನಲ್ಲಿ ಜೂಜಾಡಿ ಸಾಲದಲ್ಲಿ ಮುಳುಗಿದ್ದಾನೆ. ತಾಯಿ ತುಂಬಾ ಕಣ್ಣೀರಿನಲ್ಲಿದ್ದಾರೆ. ಅವನ ಬಿಡುಗಡೆಗಾಗಿ ಪ್ರಾರ್ಥಿಸಿ. ದಯವಿಟ್ಟು ಯಾರಿಗೂ ಹೇಳಬೇಡಿ.” ಕೊನೆಯಲ್ಲಿ ಕೈಮುಗಿದ ಚಿತ್ರ ಮೂರು.

ಆ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಗಿಟಾರ್ ನುಡಿಸುವವನು ಇದ್ದದ್ದೇ ಒಬ್ಬ. ಮೆಸೇಜ್ ಬಿದ್ದ ಪ್ರಾರ್ಥನಾ ಗ್ರೂಪಿನಲ್ಲಿ ಇದ್ದದ್ದು 43 ಜನ. ಯಾರಿಗೂ ಹೇಳಬೇಡಿ ಅನ್ನೋ ಮಾತನ್ನು 43 ಜನರಿಗೆ ಒಂದೇ ಸಲ ಹೇಳಿದ ಹಾಗಾಯಿತು.

ಮುಂದೆ ಹೋಗುವ ಮೊದಲು ಒಂದು ಮಾತು. ಸಭೆಯಲ್ಲಿ ಜನರ ಕಷ್ಟ ಕೇಳಿಸಿಕೊಳ್ಳಲು ಕೂರುವವರಲ್ಲಿ ನಾನೂ ಒಬ್ಬ. ಇಲ್ಲಿರುವುದು ಯಾವುದೋ ಒಂದು ಮನೆಯ ಕಥೆಯಲ್ಲ. ಬೇರೆ ಬೇರೆ ಕಡೆ ಕಂಡದ್ದು, ಕೇಳಿದ್ದು ಸೇರಿಸಿ ಒಂದೇ ಪ್ರಕರಣವಾಗಿ ಹೊಲಿದಿದ್ದೇನೆ. ಗುಟ್ಟು ರಟ್ಟಾದ ನೋವಿನ ಬಗ್ಗೆ ಬರೆಯಲು ಹೋಗಿ ನಾನೇ ಒಬ್ಬರ ಗುಟ್ಟು ರಟ್ಟು ಮಾಡಿದರೆ ಹೇಗೆ, ಅಲ್ವಾ? ಹಾಗಾಗಿ ಹೆಸರುಗಳಿಲ್ಲ. ತಾಯಿ, ಮಗ, ಗೆಳತಿ. ಅಷ್ಟು ಸಾಕು.

ತಾಯಿಗೆ ಮಗನ ವಿಷಯ ಗೊತ್ತಾದದ್ದು ಒಂದು ರಾತ್ರಿ. ಅವನ ಫೋನ್ ಮತ್ತೆ ಮತ್ತೆ ಹೊಡೆದುಕೊಳ್ಳುತ್ತಿತ್ತು, ಅವನು ಎತ್ತುತ್ತಿರಲಿಲ್ಲ. ಕೇಳಿದಾಗ ಮೊದಲು ಸುಳ್ಳು ಹೇಳಿದ. ಆಮೇಲೆ ಕೂತು ಎಲ್ಲ ಹೇಳಿದ. ಸಂಬಳ ಹೋಗಿತ್ತು. ಜೊತೆಗೆ ಕೆಲಸ ಮಾಡುವವರ ಹತ್ತಿರ ಕೈಸಾಲ ಆಗಿತ್ತು. ತಾಯಿ ಕೂಡಿಟ್ಟಿದ್ದರಲ್ಲೂ ಒಂದಷ್ಟು ಕೇಳದೆ ತೆಗೆದಿದ್ದ. ಈಗ ಬಿಡಬೇಕು ಅಂತ ಇದ್ದೀನಿ, ಒಬ್ಬ ಡಾಕ್ಟರನ್ನು ನೋಡಲು ಶುರು ಮಾಡಿದ್ದೀನಿ ಅಂದ. ಸ್ವಲ್ಪ ಟೈಮ್ ಕೊಡಮ್ಮ ಅಂತ ಕೇಳಿಕೊಂಡ.

ಮಗ ಮಲಗಿದ ಮೇಲೆ ಆಕೆಗೆ ಒಬ್ಬಳೇ ಇರಲು ಆಗಲಿಲ್ಲ. ವರ್ಷಗಟ್ಟಲೆ ಜೊತೆಗೆ ಪ್ರಾರ್ಥನೆ ಮಾಡಿದ ಗೆಳತಿಗೆ ಫೋನ್ ಮಾಡಿದಳು. ಅತ್ತಳು. ಗೆಳತಿಯೂ ಅತ್ತಳು. ಫೋನಿನಲ್ಲೇ ಇಬ್ಬರೂ ಪ್ರಾರ್ಥನೆ ಮಾಡಿದರು. ಬೆಳಗಾಗುವಷ್ಟರಲ್ಲಿ ಗ್ರೂಪಿನಲ್ಲಿ ಆ ಮೆಸೇಜ್ ಇತ್ತು. ಮೂಗಿಗೆ ಆಪರೇಷನ್ ಆದ ಮೇಲೆ ತಾಯಿ ಆ ಗ್ರೂಪನ್ನು ಜಾಸ್ತಿ ನೋಡುತ್ತಿರಲಿಲ್ಲ, ಕನ್ನಡಕ ಕೂರುತ್ತಿರಲಿಲ್ಲವಂತೆ. ಸಣ್ಣ ಕಾರಣ. ಆದರೆ ಅದರಿಂದಲೇ ನಾಲ್ಕು ದಿನ ಆಕೆಗೆ ಏನೂ ತಿಳಿಯಲಿಲ್ಲ.

ಮಗನಿಗೆ ತಿಳಿದದ್ದು ಭಾನುವಾರ. ಆರಾಧನೆ ಮುಗಿದ ಮೇಲೆ ಗಿಟಾರಿನ ವೈರ್ ಸುತ್ತುತ್ತಿದ್ದ. ಒಬ್ಬರು ಹಿರಿಯರು ಬಂದು ಹೆಗಲ ಮೇಲೆ ಕೈ ಇಟ್ಟರು. “ದೇವರು ಬಿಡಿಸ್ತಾನೆ ಮಗನೇ. ಎಂಥೆಂಥ ಚಟಾನೇ ಬಿಡಿಸಿದ್ದಾನೆ.” ಅವರ ದನಿಯಲ್ಲಿ ಪ್ರೀತಿಯೇ ಇತ್ತು, ಅದರಲ್ಲಿ ಅನುಮಾನ ಬೇಡ. ಹುಡುಗ ತಲೆ ಎತ್ತಿ ನೋಡಿದಾಗ ಹಿಂದಿನ ಸಾಲಿನಲ್ಲಿ ಇನ್ನಿಬ್ಬರು ಅವನನ್ನೇ ನೋಡುತ್ತಿದ್ದರು. ಅವನು ಗಿಟಾರನ್ನು ಪೆಟ್ಟಿಗೆಯಲ್ಲಿಟ್ಟ. ಪೆಟ್ಟಿಗೆಯ ಎರಡು ಕೊಂಡಿ ಹಾಕಿದ. ಅದರ ಸದ್ದು ಈಗಲೂ ಕಿವಿಯಲ್ಲಿದೆ ಅಂತ ತಾಯಿ ಹೇಳುತ್ತಾಳೆ. ಒಂದಾದ ಮೇಲೆ ಒಂದು, ಟಕ್, ಟಕ್. ಮನೆಗೆ ಬಂದ ಮೇಲೆ ಅವನು ಕೇಳಿದ್ದು ಒಂದೇ ಪ್ರಶ್ನೆ. “ಯಾರಿಗೆ ಹೇಳಿದೆ?” ಆಮೇಲೆ ಮಾತು ನಿಂತಿತು. ಸಭೆಗೆ ಬರುವುದೂ ನಿಂತಿತು.

ಗೆಳತಿ ಮೆಸೇಜ್ ಅಳಿಸಿದಳು. ‘ಈ ಸಂದೇಶವನ್ನು ಅಳಿಸಲಾಗಿದೆ’ ಅನ್ನೋ ಸಾಲು ಮಾತ್ರ ಅಲ್ಲೇ ಉಳಿಯಿತು. ತಾಯಿಗೆ ಒಂದು ವಾಯ್ಸ್ ಮೆಸೇಜ್ ಬಂತು. “ಅಕ್ಕ, ನಿಮಗೆ ನೋವಾಗಿದ್ದರೆ ಕ್ಷಮಿಸಿಬಿಡಿ. ಪ್ರಾರ್ಥನೆಗೆ ಅಂತ ಹೇಳಿದ್ದು.”

ಕನ್ನಡದಲ್ಲಿ ಈ ‘ರೆ’ ಅನ್ನೋ ಅಕ್ಷರ ಬಹಳ ಕೆಲಸ ಮಾಡುತ್ತದೆ. ನೋವಾಗಿದ್ದ‘ರೆ’. ಅಂದರೆ ಆಗದೆಯೂ ಇರಬಹುದು. ಆಗಿದ್ದರೂ ಅದು ತಾನಾಗಿ ಆದದ್ದು, ಯಾರೂ ಮಾಡಿದ್ದಲ್ಲ. ಇನ್ನು ಎರಡನೇ ಸಾಲು ಇಡೀ ವಿಷಯವನ್ನು ದೇವರ ಲೆಕ್ಕಕ್ಕೆ ಬರೆದುಬಿಡುತ್ತದೆ. ಪ್ರಾರ್ಥನೆಗೆ ಅಂತ ಹೇಳಿದ್ದನ್ನು ತಪ್ಪು ಅನ್ನುವವಳೇ ಭಕ್ತಿ ಇಲ್ಲದವಳಾಗುತ್ತಾಳೆ. ಗೆಳತಿ ಇದನ್ನೆಲ್ಲ ಲೆಕ್ಕ ಹಾಕಿ ಹೇಳಿದಳು ಅಂತ ನನಗನ್ನಿಸುವುದಿಲ್ಲ. ನಾವೆಲ್ಲ ಹೀಗೇ ಕ್ಷಮೆ ಕೇಳುವುದು. ಅಭ್ಯಾಸ ಆಗಿಬಿಟ್ಟಿದೆ.

ಆಮೇಲಿನ ಎರಡು ತಿಂಗಳಲ್ಲಿ ಆಕೆಗೆ ಸಿಕ್ಕ ಬುದ್ಧಿಮಾತುಗಳನ್ನು ಊಹಿಸುವುದು ಕಷ್ಟವಲ್ಲ. ಎಷ್ಟು ಸಲ ಕ್ಷಮಿಸಬೇಕು ಅಂತ ಕೇಳಿದ ಶಿಷ್ಯ ಪೇತ್ರನಿಗೆ ಯೇಸು ಹೇಳಿದ ಎಪ್ಪತ್ತು ಏಳರಷ್ಟು ಸಲ. ಇವರನ್ನು ಕ್ಷಮಿಸು ಅಂತ ಯೇಸು ಶಿಲುಬೆಯ ಮೇಲೆ ಹೇಳಿದ ಮಾತು. ಕಹಿ ಇಟ್ಟುಕೊಂಡರೆ ನಿನಗೇ ಕಾಯಿಲೆ. ಒಬ್ಬರಂತೂ ನೀವು ಕ್ಷಮಿಸದೇ ಇರುವುದರಿಂದಲೇ ಮಗ ಸಭೆಗೆ ಬರುತ್ತಿಲ್ಲ ಅಂದುಬಿಟ್ಟರು. ಪ್ರತಿ ಸಲವೂ ಆಕೆ “ಕ್ಷಮಿಸಿದ್ದೀನಿ” ಅಂದಳು. ಸುಮ್ನೆ ಅಲ್ಲ, ನಿಜವಾಗಿಯೇ ಅಂದಳು. ಮನೆಗೆ ಹೋಗಿ ರಾತ್ರಿ ಮತ್ತೆ ಎದ್ದು ಕೂತಳು. ಆಮೇಲೆ ತನ್ನ ಕ್ರೈಸ್ತತನದ ಮೇಲೇ ಅನುಮಾನ ಶುರುವಾಯಿತು. ಆಗ ನನ್ನ ಹತ್ತಿರ ಬಂದಳು.

ಮೊದಲ ದಿನ ನಾನೂ ಬೇರೆಯವರಿಗಿಂತ ಚೆನ್ನಾಗಿ ನಡೆದುಕೊಳ್ಳಲಿಲ್ಲ. ಅರ್ಧ ಗಂಟೆ ಕೇಳಿಸಿಕೊಂಡು ಬೈಬಲಿನ ಮತ್ತಾಯ 18ನೇ ಅಧ್ಯಾಯ ತೆಗೆದೆ. ರಾಜನಿಗೆ ಹತ್ತು ಸಾವಿರ ತಲಾಂತು ಕೊಡಬೇಕಿದ್ದ ಸೇವಕನ ಸಾಮ್ಯ, ಅಂದರೆ ಯೇಸು ಹೇಳಿದ ದೃಷ್ಟಾಂತ ಕಥೆ. ರಾಜ ಅಷ್ಟನ್ನೂ ಮನ್ನಾ ಮಾಡುತ್ತಾನೆ. ಆ ಸೇವಕ ಹೊರಗೆ ಹೋಗಿ ತನಗೆ ನೂರು ದಿನಾರಿ ಕೊಡಬೇಕಿದ್ದವನ ಕತ್ತು ಹಿಡಿಯುತ್ತಾನೆ. ನಾನು ಲೆಕ್ಕವನ್ನೂ ಹೇಳಿದೆ, ನನಗೆ ಆ ಲೆಕ್ಕ ಇಷ್ಟ. ಒಂದು ತಲಾಂತು ಅಂದರೆ ಸುಮಾರು 6,000 ದಿನಾರಿ. ಒಂದು ದಿನಾರಿ ಕೂಲಿಯವನ ಒಂದು ದಿನದ ದುಡಿಮೆ. ಹತ್ತು ಸಾವಿರ ತಲಾಂತು ಅಂದರೆ 6 ಕೋಟಿ ದಿನದ ಕೂಲಿ. ವರ್ಷಕ್ಕೆ 300 ದಿನ ದುಡಿದರೂ ತೀರಿಸಲು ಎರಡು ಲಕ್ಷ ವರ್ಷ ಬೇಕು. ಅದರ ಮುಂದೆ ನೂರು ದಿನಾರಿ ಏನು ಮಹಾ, ಆರು ಲಕ್ಷದಲ್ಲಿ ಒಂದು ಪಾಲು.

ಆಕೆ ಪೂರ್ತಿ ಕೇಳಿಸಿಕೊಂಡಳು. ನನ್ನ ಕೈಯಿಂದ ಬೈಬಲ್ ತಗೊಂಡು 23ನೇ ವಚನದ ಮೇಲೆ ಬೆರಳಿಟ್ಟಳು.

“ರಾಜ ಮೊದಲು ಲೆಕ್ಕ ನೋಡಿದ, ಅಲ್ವಾ? ನೋಡಿದ ಮೇಲೆ ತಾನೆ ಬಿಟ್ಟದ್ದು? ನನ್ನ ಲೆಕ್ಕ ಯಾರೂ ನೋಡೇ ಇಲ್ಲ. ಎಲ್ಲರೂ ಬಿಡು ಬಿಡು ಅಂತಾರೆ. ಏನನ್ನ ಬಿಡಲಿ?”

ನಾನು ಎಷ್ಟೋ ಸಲ ಹೇಳಿಕೊಟ್ಟ ಸಾಮ್ಯ ಅದು. ಆ ವಚನದ ಹತ್ತಿರ ಒಂದು ಸಲವೂ ನಿಂತಿರಲಿಲ್ಲ.

ಆಕೆ ಹೇಳಿದ್ದರಲ್ಲಿ ಇನ್ನೂ ಒಂದು ವಿಷಯ ಇತ್ತು. ನೂರು ದಿನಾರಿಯನ್ನು ನಾವು ಚಿಲ್ಲರೆ ಅಂತ ಹೇಳಿ ಮುಗಿಸುತ್ತೇವೆ. ಕೂಲಿಯವನಿಗೆ ಅದು ಮೂರು ತಿಂಗಳಿಗೂ ಜಾಸ್ತಿ ದುಡಿಮೆ. ಯೇಸು ಆ ಸಾಲವನ್ನು ಸೊನ್ನೆ ಅನ್ನಲಿಲ್ಲ. ಅದು ನಿಜವಾದ ಸಾಲ, ಮನೆಯನ್ನು ಅಲ್ಲಾಡಿಸುವಂಥ ಸಾಲ. ನಾವು ಬಾಯಿಪಾಠ ಹೇಳುವ ಕರ್ತನ ಪ್ರಾರ್ಥನೆಯಲ್ಲಿ ‘ತಪ್ಪು’ ಅಂತ ಬರುತ್ತದೆ. ಮತ್ತಾಯ 6:12ರ ಗ್ರೀಕ್ ಮೂಲದಲ್ಲಿ ಇರುವ ಪದ ಒಫೈಲೇಮಾ, ಕೊಡಬೇಕಾದ ಬಾಕಿ. ಕ್ಷಮಿಸು ಅನ್ನುವ ಕಡೆ ಇರುವುದು ಅಫಿಯೆಮಿ, ಬಿಟ್ಟುಬಿಡು ಅಂತ. ಮನ್ನಿಸು, ಮನ್ನಾ ಮಾಡು ಅನ್ನುವ ಎರಡು ಮಾತೂ ನಮ್ಮ ಕಿವಿಗೆ ಒಂದೇ ಮನೆಯವು. ಸಾಲ ಮನ್ನಾ ಆಗಬೇಕಾದರೆ ಸಾಲ ಎಷ್ಟು ಅಂತ ಮೊದಲು ಪುಸ್ತಕದಲ್ಲಿ ಇರಬೇಕು. ಬರೆಯದ ಸಾಲವನ್ನು ಯಾವ ರಾಜನೂ ಮನ್ನಾ ಮಾಡಲಾರ.

ಹಾಗಾಗಿ ಎರಡನೇ ಸಲ ಬಂದಾಗ ಆಕೆಗೆ ಒಂದು ಹಾಳೆ ಕೊಟ್ಟೆ. ಏನು ಹೋಯಿತು ಅಂತ ಬರೆಯಿರಿ, ಬೈಗುಳ ಬೇಡ, ಬರೀ ಹೋದದ್ದು. ಆಕೆ ಬರೆದದ್ದು ಅರ್ಧ ಪುಟ. ಅದನ್ನು ಇಲ್ಲಿ ಪೂರ್ತಿ ಕೊಡುವುದಿಲ್ಲ. ಮೊದಲ ಸಾಲು ಹೀಗಿತ್ತು: ‘ನಂಬಿ ಹೇಳಿದ ಮಾತನ್ನು ಕೇಳದೆ ಬೇರೆಯವರಿಗೆ ಕೊಟ್ಟೆ.’ ಇನ್ನೊಂದು ಸಾಲು: ‘ಅವನು ತಾನೇ ಹೇಳಿಕೊಳ್ಳುವ ದಿನವನ್ನು ಅವನಿಂದ ಕಿತ್ತುಕೊಂಡೆ.’ ಮತ್ತೊಂದು: ‘ರಾತ್ರಿ ಹನ್ನೆರಡಕ್ಕೆ ಫೋನ್ ಮಾಡಲು ಈಗ ನನಗೆ ಯಾರೂ ಇಲ್ಲ.’

ಈ ಮೂರನೆಯದನ್ನು ಓದಿದಾಗಲೇ ನನಗೆ ಅರ್ಥವಾದದ್ದು. ಆಕೆಯ ಸಿಟ್ಟಿನ ಕೆಳಗೆ ಇದ್ದದ್ದು ಗೆಳತಿಯನ್ನು ಕಳೆದುಕೊಂಡ ದುಃಖ. ಬರೀ ಸಿಟ್ಟನ್ನು ಬಿಡು ಅನ್ನುವವರಿಗೆ ಅದು ಕಾಣುವುದಿಲ್ಲ.

ಎಪ್ಪತ್ತು ಏಳರಷ್ಟು ಸಲ ಅನ್ನೋ ಮಾತು ಬರುವುದು ಮತ್ತಾಯ 18ರ 22ರಲ್ಲಿ. ಅದಕ್ಕೂ ಮುಂಚೆ, 15ರಲ್ಲಿ, ಬೇರೊಂದು ಮಾತಿದೆ. ನಿನ್ನ ಸಹೋದರ ತಪ್ಪು ಮಾಡಿದರೆ ಹೋಗಿ ನೀವಿಬ್ಬರೇ ಇರುವಾಗ ಅವನ ತಪ್ಪನ್ನು ತೋರಿಸು. ಕೇಳದಿದ್ದರೆ ಒಬ್ಬರನ್ನೋ ಇಬ್ಬರನ್ನೋ ಕರೆದುಕೊಂಡು ಹೋಗು. ಆಮೇಲೆ ಸಭೆ. ಲೂಕ 17:3ರಲ್ಲೂ ಮೊದಲು ಗದರಿಸು ಅಂತ ಇದೆ, ಆಮೇಲೆ ಅವನು ಮನಸ್ಸು ತಿರುಗಿಸಿಕೊಂಡರೆ ಕ್ಷಮಿಸು ಅಂತ. ಸಭೆಗಳಲ್ಲಿ ನಾವು 22ನೇ ವಚನವನ್ನು ನೋವುಂಡವರಿಗೆ ಹೇಳುತ್ತೇವೆ. 15ನೇ ವಚನವನ್ನು ಯಾರಿಗೂ ಹೇಳುವುದಿಲ್ಲ. ಅದು ಜಗಳದ ಹಾಗೆ ಕಾಣುತ್ತದಲ್ಲ, ಅದಕ್ಕೆ. ಯೋಸೇಫ ಅಣ್ಣಂದಿರನ್ನು ತಬ್ಬಿಕೊಂಡು ಅತ್ತದ್ದು ಎಲ್ಲರಿಗೂ ನೆನಪಿದೆ. ಅದಕ್ಕೆ ಮೊದಲು ಅವನು ಹೇಳಿದ್ದು, ನೀವು ಐಗುಪ್ತಕ್ಕೆ ಮಾರಿದ ನಿಮ್ಮ ತಮ್ಮ ಯೋಸೇಫ ನಾನೇ ಅಂತ. ಆದಿಕಾಂಡ 45:4. ಮಾರಿದ್ದನ್ನು ಅವನು ನುಂಗಿಕೊಳ್ಳಲಿಲ್ಲ.

ತಾಯಿ ಗೆಳತಿಯ ಮನೆಗೆ ಒಬ್ಬಳೇ ಹೋದಳು. ನಾನು ಬರಲಾ ಅಂತ ಕೇಳಿದ್ದಕ್ಕೆ ಬೇಡ ಅಂದಳು, ‘ನೀವಿಬ್ಬರೇ’ ಅಂತ ಬರೆದಿದೆ ಅಂತ. ಹಾಳೆಯನ್ನು ಓದಿದಳು. ಮಧ್ಯದಲ್ಲಿ ಗೆಳತಿ “ಆದರೆ ಅಕ್ಕ” ಅಂತ ಎರಡು ಸಲ ಶುರು ಮಾಡಿದಳಂತೆ. “ಮುಗಿಸಿಬಿಡ್ತೀನಿ ಇರು” ಅಂತ ಹೇಳಿ ಓದಿ ಮುಗಿಸಿದಳು.

ಆಮೇಲೆ ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ಗೆಳತಿ ಹೇಳಿದ್ದನ್ನು ತಾಯಿ ನನಗೆ ಹಾಗೇ ಒಪ್ಪಿಸಿದಳು. “ಆ ಗ್ರೂಪಲ್ಲಿ ನಾನು ಏನು ಹಾಕಿದರೂ ಯಾರೂ ನೋಡಲ್ಲ ಅಕ್ಕ. ವಚನ ಹಾಕಿದರೆ ಒಂದು ಕೈಮುಗಿದ ಚಿತ್ರ ಬರುತ್ತೆ. ಆವತ್ತು ಬೆಳಿಗ್ಗೆ ಹತ್ತು ನಿಮಿಷದಲ್ಲಿ ಇಪ್ಪತ್ತು ಜನ ಉತ್ತರ ಕೊಟ್ಟರು. ಇಬ್ಬರು ಫೋನ್ ಮಾಡಿದರು. ನಿಮ್ಮ ಮಗನಿಗೆ ಪ್ರಾರ್ಥನೆ ಬೇಕು ಅನ್ನಿಸಿತ್ತು, ಅದು ಸುಳ್ಳಲ್ಲ. ಆದರೆ ನನ್ನ ಹತ್ತಿರ ಹೇಳೋಕೆ ಒಂದು ವಿಷಯ ಇದೆ ಅನ್ನೋದೂ ಇತ್ತು. ನಾನು ನಿಮಗೆ ದ್ರೋಹ ಮಾಡಿದೆ.”

ಈ ಸಲ ‘ರೆ’ ಇರಲಿಲ್ಲ. ‘ಅಂತ’ವೂ ಇರಲಿಲ್ಲ. ಮಾಡಿದೆ.

ಈ ಮಾತಿಗೆ ನಾನು ಬಹಳ ಬೆಲೆ ಕೊಡುತ್ತೇನೆ. ಪ್ರಾರ್ಥನೆಯ ಹೆಸರಿನಲ್ಲಿ ಸುದ್ದಿ ಹಂಚುವವರೆಲ್ಲ ಕೆಟ್ಟವರಲ್ಲ, ಬಹಳಷ್ಟು ಜನ ಒಂಟಿಯಾಗಿರುವವರು. ಸುದ್ದಿ ಕೈಯಲ್ಲಿದ್ದರೆ ನಾಲ್ಕು ಜನ ಕಿವಿ ಕೊಡುತ್ತಾರೆ. ಜ್ಞಾನೋಕ್ತಿ 11:13 ಗುಟ್ಟು ಹೊರಹಾಕುವವನನ್ನೂ ಮುಚ್ಚಿಟ್ಟುಕೊಳ್ಳುವ ನಂಬಿಗಸ್ತನನ್ನೂ ಎದುರುಬದುರು ಇಡುತ್ತದೆ. ಆದರೆ ಮುಚ್ಚಿಟ್ಟುಕೊಂಡವನಿಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ, ಯಾಕೆಂದರೆ ಅವನು ಮುಚ್ಚಿಟ್ಟದ್ದೇ ಯಾರಿಗೂ ಗೊತ್ತಾಗುವುದಿಲ್ಲ.

ಇಲ್ಲೊಂದು ಹಳೆಯ ವಿಷಯ ನೆನಪಾಗುತ್ತದೆ. 1215ರಲ್ಲಿ ರೋಮಿನಲ್ಲಿ ಸೇರಿದ ಕ್ಯಾಥೊಲಿಕ್ ಧರ್ಮಗುರುಗಳ ನಾಲ್ಕನೇ ಲ್ಯಾಟರನ್ ಮಹಾಸಭೆ, ಪಾಪನಿವೇದನೆಯಲ್ಲಿ ಕೇಳಿದ್ದನ್ನು ಹೊರಗೆ ಹೇಳುವ ಪಾದ್ರಿಗೆ ಶಿಕ್ಷೆ ಏನು ಅಂತ ಬರೆದಿಟ್ಟಿತು. ಅವನನ್ನು ಪಾದ್ರಿ ಕೆಲಸದಿಂದ ತೆಗೆಯುವುದಷ್ಟೇ ಅಲ್ಲ, ಬದುಕಿರುವ ತನಕ ಪ್ರಾಯಶ್ಚಿತ್ತಕ್ಕಾಗಿ ಮಠದಲ್ಲಿ ಇಡಬೇಕು. ಎಂಟುನೂರು ವರ್ಷಗಳ ಹಿಂದೆಯೇ ಅವರಿಗೆ ಗೊತ್ತಿತ್ತು, ಈ ಬಾಗಿಲು ಒಂದು ಸಲ ಸೋರಿದರೆ ಯಾರೂ ಮತ್ತೆ ಬಂದು ಹೇಳಿಕೊಳ್ಳುವುದಿಲ್ಲ ಅಂತ. ಆ ಪದ್ಧತಿಯನ್ನು ಬಿಟ್ಟ ನಮ್ಮಂಥ ಸಭೆಗಳಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತೇವೆ. ಒಳ್ಳೆಯದೇ. ಆದರೆ ಬಾಗಿಲಿಗೆ ಚಿಲಕ ಇಡುವುದನ್ನು ಮರೆತೆವು.

ಗೆಳತಿ ನಾನೇನು ಮಾಡಬೇಕು ಅಂತ ಕೇಳಿದಳು. ಬೈಬಲಿನಲ್ಲಿ ಬರುವ ಸುಂಕದವನು ಜಕ್ಕಾಯ ಮೋಸ ಮಾಡಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದೆ ಕೊಡುತ್ತೇನೆ ಅಂದ. ಮೋಶೆಯ ಧರ್ಮಶಾಸ್ತ್ರದಲ್ಲಿ, ಅರಣ್ಯಕಾಂಡ 5ರಲ್ಲಿ, ತಪ್ಪು ಮಾಡಿದವನು ಅದನ್ನು ಒಪ್ಪಿಕೊಂಡು ಪೂರ್ತಿ ಬಾಕಿಯ ಜೊತೆ ಐದನೇ ಒಂದು ಪಾಲು ಸೇರಿಸಿ ಕೊಡಬೇಕು ಅಂತ ಇದೆ. ದುಡ್ಡಾದರೆ ಎಣಿಸಿ ಕೊಡಬಹುದು. ಆಡಿದ ಮಾತನ್ನು ಹೇಗೆ ಹಿಂದೆ ಕೊಡುವುದು? ಇಬ್ಬರೂ ಕೂತು ಯೋಚಿಸಿ ಒಂದು ಮೆಸೇಜ್ ಬರೆದರು. ಅದನ್ನು ಬರೆಯಲು ಒಂದೂವರೆ ಗಂಟೆ ಬೇಕಾಯಿತಂತೆ, ಯಾಕೆಂದರೆ ಮತ್ತೆ ಮಗನ ವಿಷಯ ಎತ್ತದೆ ಹೇಳಬೇಕಿತ್ತು. ಕೊನೆಗೆ ಹೋದದ್ದು ಇಷ್ಟು: ‘ಒಬ್ಬರು ನಂಬಿ ಹೇಳಿದ್ದನ್ನು ಅವರನ್ನು ಕೇಳದೆ ನಾನು ಇಲ್ಲಿ ಹಾಕಿದೆ. ಅದು ನನ್ನ ತಪ್ಪು. ಬೇರೆ ಕಡೆ ಕಳಿಸಿದವರು ದಯವಿಟ್ಟು ಅಳಿಸಿ, ಯಾರಿಗೆ ಕಳಿಸಿದ್ದೀರೋ ಅವರಿಗೂ ತಿಳಿಸಿ. ಆ ಮನೆಯವರನ್ನು ಏನೂ ಕೇಳಬೇಡಿ.’ ಉತ್ತರ ಬಂದದ್ದು ಮೂರೇ ಮೂರು. ಆ ಹೆಗಲ ಮೇಲೆ ಕೈ ಇಟ್ಟಿದ್ದ ಹಿರಿಯರು ಮಾತ್ರ ಫೋನ್ ಮಾಡಿ ತಾವೂ ತಪ್ಪು ಮಾಡಿದೆ ಅಂದರಂತೆ.

ತಾಯಿ ಗೆಳತಿಯ ಕೈ ಹಿಡಿದು ಕ್ಷಮಿಸಿದ್ದೀನಿ ಅಂದಳು. ಅದಕ್ಕೂ ಮುಂಚೆ ಇಪ್ಪತ್ತು ಸಲ ಅಂದಿದ್ದ ಮಾತೇ ಅದು. ಈ ಸಲ ಏನನ್ನು ಬಿಡುತ್ತಿದ್ದೇನೆ ಅಂತ ಆಕೆಗೆ ಗೊತ್ತಿತ್ತು. ಹಾಳೆಯನ್ನು ಗೆಳತಿಗೆ ಕೊಟ್ಟು ಬರಲು ಹೋದಳು. ಆಮೇಲೆ ಯಾಕೋ ಮಡಚಿ ಚೀಲದಲ್ಲಿ ಇಟ್ಟುಕೊಂಡು ಬಂದಳು.

ಪ್ರಕರಣ ಇಲ್ಲಿಗೆ ಮುಗಿಯಿತು ಅಂದುಕೊಂಡೆ.

ಪ್ರಭುಭೋಜನದ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ಭಾನುವಾರಕ್ಕೆ ಎರಡು ದಿನ ಮುಂಚೆ ಆಕೆ ಬಂದಳು. ಮುಖ ಹಗುರಾಗಿತ್ತು. ಮತ್ತಾಯ 5:23ರ ಪ್ರಕಾರ ರಾಜಿ ಮಾಡಿಕೊಂಡಾಯಿತು, ಈ ಸಲ ಸಮಾಧಾನವಾಗಿ ಪ್ರಭುಭೋಜನ ತೆಗೆದುಕೊಳ್ಳುತ್ತೇನೆ ಅಂದಳು. ಓದಿ ಪ್ರಾರ್ಥನೆ ಮಾಡೋಣ ಅಂತ ಆ ವಚನ ತೆಗೆದೆವು. ಯಜ್ಞವೇದಿಯ ಹತ್ತಿರ ಕಾಣಿಕೆ ತಂದಾಗ ನಿನ್ನ ಸಹೋದರನಿಗೆ ನಿನ್ನ ಮೇಲೆ ಏನೋ ಇದೆ ಅಂತ ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗಿ ಮೊದಲು ಒಂದಾಗು, ಇಷ್ಟೇ ಅದರ ಅರ್ಥ. ಆಕೆ ಓದುತ್ತಾ ಹೋಗಿ ನಿಂತಳು. ಹಿಂದಕ್ಕೆ ಹೋಗಿ ಮತ್ತೆ ಓದಿದಳು.

“ಇದು ನನಗೆ ಬೇರೆಯವರ ಮೇಲೆ ಇರೋದಲ್ಲ. ಬೇರೆಯವರಿಗೆ ನನ್ನ ಮೇಲೆ ಇರೋದು.”

ಹೌದು. ನಾವು ಈ ಎರಡನ್ನೂ ಕಲಸಿಬಿಡುತ್ತೇವೆ. ನಮಗೆ ಬೇರೆಯವರ ಮೇಲೆ ಏನಾದರೂ ಇದ್ದರೆ ಏನು ಮಾಡಬೇಕು ಅಂತ ಮಾರ್ಕ 11:25 ಹೇಳುತ್ತದೆ. ಪ್ರಾರ್ಥನೆಗೆ ನಿಂತಲ್ಲೇ ಕ್ಷಮಿಸು. ಕಾಲು ಎತ್ತಬೇಕಾಗಿಲ್ಲ. ಬೇರೆಯವರಿಗೆ ನಮ್ಮ ಮೇಲೆ ಇದ್ದರೆ ನಿಂತಲ್ಲೇ ಮುಗಿಯುವುದಿಲ್ಲ, ಕಾಣಿಕೆ ಬಿಟ್ಟು ನಡೆದುಕೊಂಡು ಹೋಗಬೇಕು. ಸಾಮಾನ್ಯವಾಗಿ ನಾವು ತಿರುಗಾಮುರುಗಾ ಮಾಡುತ್ತೇವೆ. ನಮಗೆ ತಪ್ಪು ಮಾಡಿದವರು ನಮ್ಮ ಮನೆಗೆ ನಡೆದು ಬರಲಿ ಅಂತ ಕಾಯುತ್ತೇವೆ. ನಾವು ಮಾಡಿದ್ದಕ್ಕೆ ನಿಂತಲ್ಲೇ ದೇವರ ಹತ್ತಿರ ಸಾರಿ ಹೇಳಿ ಮುಗಿಸುತ್ತೇವೆ.

ಆಕೆ ಚೀಲದಿಂದ ಹಾಳೆ ತೆಗೆದಳು. ಮಡಿಕೆ ಬಿಡಿಸಿ ಮೊದಲ ಸಾಲನ್ನು ಓದಿದಳು. ನಂಬಿ ಹೇಳಿದ ಮಾತನ್ನು ಕೇಳದೆ ಬೇರೆಯವರಿಗೆ ಕೊಟ್ಟೆ. ಅವನು ತಾನೇ ಹೇಳಿಕೊಳ್ಳುವ ದಿನವನ್ನು ಅವನಿಂದ ಕಿತ್ತುಕೊಂಡೆ. ಆ ರಾತ್ರಿ ಮಗ ಟೈಮ್ ಕೊಡಮ್ಮ ಅಂದಿದ್ದ. ಎರಡು ಗಂಟೆಯೊಳಗೆ ಆಕೆ ಫೋನ್ ಎತ್ತಿದ್ದಳು.

ಇಲ್ಲಿ ನಾನು ಹುಷಾರಾಗಿರಬೇಕಿತ್ತು. “ನೋಡಿದಿರಾ, ನೀವೂ ಅದೇ ಮಾಡಿದ್ದೀರಿ” ಅನ್ನುವುದು ಬಹಳ ಸುಲಭ. ಮೊದಲ ದಿನವೇ ಯಾರಾದರೂ ಹಾಗೆ ಹೇಳಿದ್ದರೆ ಅದು ಆಕೆಯ ಬಾಯಿ ಮುಚ್ಚಿಸುವ ಬಟ್ಟೆಯಾಗುತ್ತಿತ್ತು. ನೋವುಂಡವರನ್ನು ಸುಮ್ಮನಾಗಿಸಲು ‘ನಾವೆಲ್ಲ ಪಾಪಿಗಳೇ’ ಅನ್ನೋ ಮಾತನ್ನು ಬಳಸುವವರನ್ನು ಕಂಡರೆ ನನಗೆ ಆಗುವುದಿಲ್ಲ. ಮಾತು ನಿಜ, ಹೇಳುವ ಹೊತ್ತು ಸುಳ್ಳು. ಅಲ್ಲದೆ ಎರಡೂ ಒಂದೇ ತೂಕದ ತಪ್ಪಲ್ಲ. ಕತ್ತಲಲ್ಲಿ ಹೆದರಿದ ತಾಯಿ ಒಬ್ಬಳಿಗೆ ಹೇಳಿದ್ದು ಬೇರೆ, 43 ಜನರಿಗೆ ಹಂಚಿದ್ದು ಬೇರೆ. ಇದನ್ನು ಆಕೆಗೆ ಹೇಳಿಯೂ ಹೇಳಿದೆ. ಆಕೆ ತಲೆ ಅಲ್ಲಾಡಿಸಿದಳು. “ತೂಕ ಬೇರೆ ಇರಬಹುದು. ಬಾಕಿ ಬಾಕಿನೇ.”

ಆ ಭಾನುವಾರ ಆಕೆ ಪ್ರಭುಭೋಜನ ತೆಗೆದುಕೊಳ್ಳಲಿಲ್ಲ. ಮನೆಯಲ್ಲೇ ಉಳಿದಳು.

ಮಗ ಬಾಗಿಲಲ್ಲಿ ನಿಂತು ಚಪ್ಪಲಿ ಹಾಕಿಕೊಳ್ಳುತ್ತಿದ್ದ. ಎರಡು ನಿಮಿಷ ಕೂರ್ತೀಯಾ ಅಂತ ಕೇಳಿದಳು. ಅವನು ಕೂರಲಿಲ್ಲ. ಹೋಗಲೂ ಇಲ್ಲ. “ನೀನು ಟೈಮ್ ಕೇಳಿದ್ದೆ. ನಾನು ಕೊಡಲಿಲ್ಲ. ನಿನ್ನನ್ನು ಕೇಳದೆ ನಿನ್ನ ವಿಷಯ ಹೇಳಿದೆ. ನನಗೆ ಹೆದರಿಕೆ ಆಗಿತ್ತು, ಅದು ನನ್ನ ಹೆದರಿಕೆ. ಅದಕ್ಕೆ ನಿನ್ನ ಗುಟ್ಟನ್ನು ಕೊಟ್ಟೆ. ತಪ್ಪು ಮಾಡಿದೆ ಕಂದ.” ಈ ಮಾತುಗಳನ್ನು ಕನ್ನಡಿ ಮುಂದೆ ಹೇಳಿ ನೋಡಿಕೊಂಡಿದ್ದೆ, ಎಲ್ಲಾದರೂ ‘ಆದರೆ’ ನುಸುಳುತ್ತಾ ಅಂತ, ಎಂದು ಆಮೇಲೆ ನನಗೆ ಹೇಳಿದಳು.

ಹುಡುಗ ಕ್ಷಮಿಸಿದೆ ಅನ್ನಲಿಲ್ಲ. ಚಪ್ಪಲಿಯ ಪಟ್ಟಿ ಸರಿ ಮಾಡುತ್ತಾ ಕೇಳಿದ, “ನಾನು ನಿನ್ನ ದುಡ್ಡು ತಗೊಂಡಿದ್ದು ಯಾರಿಗಾದರೂ ಹೇಳಿದೆಯಾ?”

“ಇಲ್ಲ.”

“ಅವರಿಗೂ?”

“ಇಲ್ಲ.”

ಇದು ನನಗೂ ಅವತ್ತೇ ಗೊತ್ತಾದದ್ದು. ನನ್ನ ಮುಂದೆ ಅಷ್ಟು ಸಲ ಕೂತು ಅತ್ತಾಗಲೂ ಆಕೆ ಅದನ್ನು ಹೇಳಿರಲಿಲ್ಲ. ಮಗನೇ ಆಮೇಲೆ ಹೇಳಬಹುದು ಅಂದ ಮೇಲೆ ಹೇಳಿದಳು. ಆ ದುಡ್ಡನ್ನು ಆಕೆ ಮಗನ ಹತ್ತಿರವೂ ಒಂದು ಸಲವೂ ಎತ್ತಿರಲಿಲ್ಲ. ಕೃಪೆ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಎಫೆಸ 4:32 ತೋರಿಸುತ್ತಿದ್ದೆ. ಅಲ್ಲಿ ಕ್ಷಮಿಸು ಅನ್ನೋದಕ್ಕೆ ಪೌಲ ಬಳಸಿರುವ ಗ್ರೀಕ್ ಕ್ರಿಯಾಪದ ಹುಟ್ಟುವುದೇ ಖಾರಿಸ್, ಅಂದರೆ ಕೃಪೆ, ಅನ್ನೋ ಪದದಿಂದ. ಈಗ ಆ ವಚನ ಓದುವಾಗ ಚಪ್ಪಲಿ ಪಟ್ಟಿ ಹಿಡಿದು ಬಗ್ಗಿ ನಿಂತ ಆ ಹುಡುಗ ಕಣ್ಣ ಮುಂದೆ ಬರುತ್ತಾನೆ. ತನ್ನ ಒಂದು ಸಾಲ ಯಾವಾಗಲೋ ಮನ್ನಾ ಆಗಿದೆ ಅಂತ ಅವನಿಗೆ ಗೊತ್ತಾದದ್ದು, ಅಮ್ಮ ತಾನು ಉಳಿಸಿಕೊಂಡ ಬಾಕಿಗೆ ತಲೆ ತಗ್ಗಿಸಿ ನಿಂತಿದ್ದಾಗ.

“ದೇವರಿಗೆ ಎಷ್ಟು ಬೇಕಾದರೂ ಹೇಳು,” ಅಂದನಂತೆ ಕೊನೆಗೆ. “ಮನುಷ್ಯರಿಗೆ ಹೇಳೋ ಮುಂಚೆ ನನ್ನನ್ನು ಕೇಳು.” ಹೇಳಿ ಹೊರಗೆ ಹೋದ. ಸಂಜೆ ಬಂದ. ಮಾತು ಸ್ವಲ್ಪ ಸ್ವಲ್ಪ ಶುರುವಾಯಿತು, ಮೊದಲು ಮನೆಕೆಲಸದ ಮಾತು, ಆಮೇಲೆ ಬೇರೆ.

ಎಲ್ಲ ಸರಿಹೋಯಿತಾ ಅಂತ ಕೇಳಿದರೆ ಇಲ್ಲ. ಮಗ ಆ ಸಭೆಗೆ ಇನ್ನೂ ಬಂದಿಲ್ಲ. ಗಿಟಾರ್ ಪೆಟ್ಟಿಗೆ ಅವನ ಕೋಣೆಯಲ್ಲೇ ಇದೆ. ಒಮ್ಮೊಮ್ಮೆ ರಾತ್ರಿ ತಂತಿ ಮೀಟುವ ಸದ್ದು ಕೇಳುತ್ತದೆ. ಬರಲೇಬೇಕು ಅಂತ ತಾಯಿ ಹೇಳುವುದಿಲ್ಲ. ಜೂಜಿನ ವಿಷಯದಲ್ಲಿ ಒಂದು ಸಲ ಮತ್ತೆ ಜಾರಿದ. ಈ ಸಲ ಅವನೇ ಬಂದು ಹೇಳಿದ.

ತಾಯಿಗೆ ಗೆಳತಿಯ ಮೇಲಿನ ಸಿಟ್ಟು ಆಗಾಗ ಮರಳಿ ಬರುತ್ತದೆ. ಹಾಗೆ ಬಂದಾಗ ಮೊದಲೆಲ್ಲ ಆಕೆ ನಾನು ಕ್ಷಮಿಸಿಯೇ ಇಲ್ಲ ಅಂತ ಕುಗ್ಗುತ್ತಿದ್ದಳು. ಎವರೆಟ್ ವರ್ದಿಂಗ್ಟನ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞರ ವಿಷಯ ಆಕೆಗೆ ಹೇಳಿದೆ. ಅವರು ಕ್ರೈಸ್ತರು, ಕ್ಷಮೆಯ ಬಗ್ಗೆ ಅಧ್ಯಯನ ಮಾಡುತ್ತಿದ್ದವರು. ಹಾಗಿರುವಾಗಲೇ, 1996ರ ಹೊಸ ವರ್ಷದ ಹೊತ್ತಿಗೆ, ಮನೆಗೆ ನುಗ್ಗಿದ ಕಳ್ಳನ ಕೈಯಲ್ಲಿ ಅವರ ತಾಯಿ ಕೊಲೆಯಾದರು. ಕ್ಷಮಿಸುತ್ತೇನೆ ಅನ್ನುವ ತೀರ್ಮಾನ ಬೇರೆ, ಒಳಗಿನ ಭಾವನೆ ಬದಲಾಗುವುದು ಬೇರೆ, ಎರಡೂ ಒಂದೇ ದಿನ ಆಗಬೇಕಿಲ್ಲ ಅನ್ನುತ್ತಾರೆ ಅವರು. ಆಕೆಗೆ ಇದು ಉಪಯೋಗಕ್ಕೆ ಬಂತು. ಹಾಳೆಯನ್ನು ತೆಗೆದು ನೋಡಿ, ಇದು ಬಿಟ್ಟಾಗಿದೆ ಅಂತ ಹೇಳಿಕೊಂಡು ಒಳಗಿಡುತ್ತಾಳೆ. ಹರಿದು ಹಾಕಬಾರದಾ ಅಂತ ನಾನು ಒಂದು ಸಲ ಕೇಳಿದೆ. ಅದರಲ್ಲಿ ನನ್ನ ಲೆಕ್ಕವೂ ಇದೆಯಲ್ಲ ಅಂದಳು.

ನಂಬಿಕೆಯ ಕಥೆಯೇ ಬೇರೆ. ಕ್ಷಮಿಸಿದ ಮೇಲೆ ಮೊದಲಿನ ಹಾಗೇ ಇರಬೇಕು ಅಂತ ಗೆಳತಿ ಆಸೆಪಟ್ಟಳು. ತಾಯಿ ನೇರವಾಗಿ ಹೇಳಿದಳು, ಸಾಲ ಬಿಟ್ಟಿದ್ದೀನಿ, ಮತ್ತೆ ಸಾಲ ಕೊಡೋಕೆ ಟೈಮ್ ಬೇಕು ಅಂತ. ಕೆಲವರಿಗೆ ಇದು ಕ್ರಿಸ್ತನ ಮನಸ್ಸಲ್ಲ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಆಗುವಷ್ಟರ ಮಟ್ಟಿಗೆ, ನಿಮ್ಮಿಂದಾಗುವ ಮಟ್ಟಿಗೆ, ಎಲ್ಲರ ಜೊತೆ ಸಮಾಧಾನದಿಂದಿರಿ ಅಂತ ಪೌಲ ರೋಮಾಪುರದವರಿಗೆ ಬರೆಯುವಾಗ ಆ ‘ಮಟ್ಟಿಗೆ’ಯನ್ನು ಸುಮ್ನೆ ಸೇರಿಸಲಿಲ್ಲ. ಇಬ್ಬರೂ ಆರಾಧನೆ ಮುಗಿದ ಮೇಲೆ ಜೊತೆಗೇ ಕುರ್ಚಿ ಮಡಚುತ್ತಾರೆ. ಒಬ್ಬಳು ಮಡಚಿದ್ದನ್ನು ಇನ್ನೊಬ್ಬಳು ಗೋಡೆಗೆ ಜೋಡಿಸುತ್ತಾಳೆ. ಆ ಕೆಲಸಕ್ಕೆ ಮಾತು ಜಾಸ್ತಿ ಬೇಕಾಗಿಲ್ಲ.

ಮೊನ್ನೆ ಒಂದು ರಾತ್ರಿ ಹನ್ನೊಂದೂವರೆಗೆ ತಾಯಿಗೆ ಫೋನ್ ಬಂತು. ಗೆಳತಿ. “ಅಕ್ಕ, ಒಂದು ಪ್ರಾರ್ಥನೆ ವಿಷಯ ಇದೆ. ನನ್ನದೇ. ಗ್ರೂಪಿಗೆ ಬೇಡ.” ಒಂದು ಗಂಟೆ ಮಾತಾಡಿದರಂತೆ. ಏನು ವಿಷಯ ಅಂತ ಆಕೆ ನನಗೆ ಹೇಳಲಿಲ್ಲ. ನಾನೂ ಕೇಳಲಿಲ್ಲ.